ಕಣ್ಣೀರೊರೆಸಿ ಕಟ್ಟಿದ ಒಕ್ಕೂಟ

ರಾಜ್ಯವೆಂದೊಡನೆ ಸಿಂಹಾಸನ, ಭಂಡಾರ, ಸೆರೆಮನೆ, ಲಿಖಿತ ಶಾಸನಗಳು ನಮ್ಮ ನೆನಪಿಗೆ ಬರುತ್ತವೆ. ಇವೊಂದೂ ಇಲ್ಲದೆ, ಕಂಠಸ್ಥವಾದ ಮಾತಿನ ಬಲವೊಂದರಿಂದಲೇ ಪರಸ್ಪರ ಕಾದಾಡುತ್ತಿದ್ದ ಐದು ಕುಲಗಳು ಒಂದಾಗಿ ಶತಮಾನಗಳ ಕಾಲ ಬಾಳಿದ ವೃತ್ತಾಂತವನ್ನು ಓದುಗ ಬಂಧುಗಳ ಮುಂದಿಡಬೇಕೆಂದು ನಾವು ಬಯಸಿದ್ದೇವೆ. ಉತ್ತರ ಅಮೆರಿಕದ ಒಂಟಾರಿಯೊ ಸರೋವರದ ದಕ್ಷಿಣಕ್ಕೆ, ಇಂದಿನ ನ್ಯೂಯಾರ್ಕ್ ಸಂಸ್ಥಾನದಲ್ಲಿ ನೆಲೆಸಿದ್ದ ಈ ಜನರನ್ನು ಹೊರಗಿನವರು ಇರೊಕ್ವಾ ಎಂದು ಕರೆದರು. ಅವರು ತಮ್ಮನ್ನು ಕರೆದುಕೊಳ್ಳುವುದು ಹೊದೆನೊಶೋನಿ, ಅಂದರೆ ಉದ್ದಮನೆಯ ಜನ, ಎಂದು. ಎಲ್ಮ್ ಮರದ ತೊಗಟೆ ಹೊದಿಸಿದ ನೀಳವಾದ ಮನೆಯಲ್ಲಿ ತಾಯಿಯ ಕಡೆಯ ಬಂಧುಗಳಾದ ಹಲವು ಸಂಸಾರಗಳು ತಂತಮ್ಮ ಒಲೆ ಹೂಡಿ ವಾಸಿಸುತ್ತಿದ್ದವು. ತಮ್ಮ ಒಕ್ಕೂಟವನ್ನೂ ಅವರು ಅಂಥದೊಂದು ಮನೆಯೆಂದೇ ಭಾವಿಸಿದರು. ಮೋಹಾಕರು ಪೂರ್ವದ ಬಾಗಿಲು ಕಾಯುವವರು, ಸೆನೆಕಾ ಜನ ಪಶ್ಚಿಮದ ಬಾಗಿಲಿನವರು, ನಡುವಿನ ಒನಂಡಾಗರು ಅಗ್ನಿಪಾಲಕರು. ಒನೈಡಾ ಮತ್ತು ಕಯೂಗರು ತಮ್ಮಂದಿರು. 1722ರ ಸುಮಾರಿಗೆ ಟಸ್ಕರೋರಾ ಕುಲ ಆರನೆಯದಾಗಿ ಸೇರಿತು.

ಈ ಮನೆಯ ಅಸ್ತಿಭಾರ ದುಃಖ. ಹಯವಾಥಾ ಎಂಬಾತನು ತನ್ನ ಹೆಣ್ಣುಮಕ್ಕಳನ್ನು ಒಬ್ಬರ ಬಳಿಕ ಒಬ್ಬರಂತೆ ಕಳೆದುಕೊಂಡು, ಬುದ್ಧಿ ಕದಡಿ, ಅರಣ್ಯ ಹೊಕ್ಕನು. ಅಲ್ಲಿ ಚಿಪ್ಪುಗಳನ್ನು ದಾರಕ್ಕೆ ಪೋಣಿಸಿ ಕೋಲಿಗೆ ತೂಗುಹಾಕಿ, ತನ್ನಂತೆ ನೊಂದವನು ಸಿಕ್ಕಿದರೆ ಈ ಸರ ಹಿಡಿದು ಆತನನ್ನು ಸಂತೈಸುವೆನೆಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದನು. ಆತನನ್ನು ಸಂತೈಸುವವರು ಮಾತ್ರ ಯಾರೂ ಬರಲಿಲ್ಲ. ಕೊನೆಗೆ ಬಂದವನು ಶಾಂತಿದೂತ. (ಆ ಮಹಾಪುರುಷನ ಹೆಸರನ್ನು ಅವರು ಸುಮ್ಮಸುಮ್ಮನೆ ಉಚ್ಚರಿಸುವುದಿಲ್ಲ, ಆ ಮರ್ಯಾದೆಯನ್ನು ನಾವೂ ಪಾಲಿಸುತ್ತೇವೆ.) ಅದೇ ಸರಗಳನ್ನು ಕೈಗೆತ್ತಿಕೊಂಡು, ಕಾಣಲೆಂದು ಕಣ್ಣೀರನ್ನೊರೆಸುವ ಮಾತನ್ನೂ, ಕೇಳಲೆಂದು ಕಿವಿಯ ತಡೆ ತೆಗೆಯುವ ಮಾತನ್ನೂ, ನುಡಿಯಲೆಂದು ಗಂಟಲಿನ ಬಿಗಿ ಸಡಿಲಿಸುವ ಮಾತನ್ನೂ ಆತನು ಆಡಿದನು. ಹಯವಾಥಾನ ಬುದ್ಧಿ ತಿಳಿಯಾಯಿತು.

ಬಳಿಕ ಇಬ್ಬರೂ ಊರೂರು ತಿರುಗಿದರು. ಅವರ ಮಾತನ್ನು ಮೊದಲು ಒಪ್ಪಿದವಳು ಜಿಗೊನ್ಸಾಸೆ ಎಂಬ ಹೆಣ್ಣುಮಗಳು. ಕೊನೆಗೆ ಒಪ್ಪಿದವನು ತಲೆಗೂದಲಲ್ಲಿ ಹಾವುಗಳು ಹೆಣೆದುಕೊಂಡಿದ್ದ ಒನಂಡಾಗದ ಕ್ರೂರಿ ತದೊದಾಹೊ. ಹಯವಾಥಾನ ಮಕ್ಕಳ ಸಾವಿಗೆ ಆತನ ಮಾಟವೇ ಕಾರಣವೆನ್ನುವ ಪಾಠವೂ ಉಂಟು. ಆದರೂ ಆತನನ್ನು ಕೊಲ್ಲಲಿಲ್ಲ; ಕೂದಲಿನ ಹಾವುಗಳನ್ನು ಬಾಚಿ ತೆಗೆದರು, ಮಹಾಸಭೆಯ ಅಗ್ನಿಯನ್ನು ಆತನಿಗೇ ಒಪ್ಪಿಸಿದರು. ಮಕ್ಕಳನ್ನು ಕಳೆದುಕೊಂಡ ತಂದೆ ಆ ಬಾಚಣಿಗೆ ಹಿಡಿದನೆಂಬುದನ್ನು ಓದಿ ನಾವು ಬಹಳ ಹೊತ್ತು ಪುಸ್ತಕ ಮುಚ್ಚಿಟ್ಟು ಕುಳಿತಿದ್ದೆವು. ಅಮೆರಿಕದ ಕವಿ ಲಾಂಗ್‌ಫೆಲೊ 1855ರ ತನ್ನ ಕಾವ್ಯಕ್ಕೆ ಹಯವಾಥಾನ ಹೆಸರನ್ನಿಟ್ಟರೂ ಅದರಲ್ಲಿರುವುದು ಒಜಿಬ್ವೆ ಎಂಬ ಬೇರೊಂದು ಜನಾಂಗದ ಕಥೆ. ಹೆಸರು ಕೇಳಿದವರು ಮೋಸಹೋಗಬಾರದು.

ಅಂದಿನಿಂದ ನಾಯಕನೊಬ್ಬ ತೀರಿಕೊಂಡರೆ ಅವನ ಪಕ್ಷದವರು ಶೋಕದಲ್ಲಿರುತ್ತಾರೆ, ಎದುರು ಪಕ್ಷದವರು ಬಂದು ಸರದ ಮೇಲೆ ಸರ ನೀಡಿ ಸಂತೈಸುತ್ತಾರೆ. ಅದಾದ ಮೇಲೆಯೇ ಹೊಸ ನಾಯಕನಿಗೆ ಪಟ್ಟ. ದುಃಖದಿಂದ ಕಲುಷಿತವಾದ ಮನಸ್ಸು ಆಳಲು ಯೋಗ್ಯವಲ್ಲವೆಂಬುದು ಅವರ ನಂಬಿಕೆ.

ಆ ಸರಗಳ ಹೆಸರು ವಾಂಪಮ್. ಕಡಲ ಚಿಪ್ಪನ್ನು ಕೊರೆದು ಮಾಡಿದ ಬಿಳಿಯ ಮತ್ತು ನೇರಳೆ ಮಣಿಗಳಿವು. ಯುರೋಪಿನ ವರ್ತಕರು ಇವನ್ನು ನಾಣ್ಯವೆಂದು ಬಗೆದರು. ವರ್ತಕರ ಕಣ್ಣಿಗೆ ಬೇರೇನು ಕಂಡೀತು? ಹೊದೆನೊಶೋನಿಗಳಿಗೆ ಅದು ಮಾತಿನ ಸಾಕ್ಷಿ. ಪಟ್ಟಿಯನ್ನು ಕೈಯಲ್ಲಿ ಹಿಡಿದವನು ಅದರೊಳಗಿನ ಒಪ್ಪಂದವನ್ನು ಬಾಯಲ್ಲಿ ಹೇಳಬಲ್ಲವನಾಗಿರಬೇಕು. ಸೆನೆಕಾ ನಾಯಕ ಜಾನ್ ಆರ್ಥರ್ ಗಿಬ್ಸನ್ನರು ದೃಷ್ಟಿ ಕಳೆದುಕೊಂಡವರು. ಮಹಾಶಾಂತಿಧರ್ಮದ ಸುದೀರ್ಘ ಪಾಠವನ್ನು 1912ರಲ್ಲಿ ಅವರು ಒನಂಡಾಗ ನುಡಿಯಲ್ಲಿ ನೆನಪಿನಿಂದಲೇ ಹೇಳಿ ಬರೆಯಿಸಿದರು. ಅದೇ ವರ್ಷ ಕಾಲವಾದರು. ಅದು ಅಚ್ಚಾದದ್ದು 1992ರಲ್ಲಿ.

ಮಹಾಸಭೆಗೆ ಐವತ್ತು ನಾಯಕಸ್ಥಾನಗಳು. ಅವಕ್ಕೆ ಗಂಡಸರನ್ನು ಆರಿಸುವವರು ಬಳಿಯ ತಾಯಂದಿರು. ನಾಯಕನು ದಾರಿ ತಪ್ಪಿದರೆ ಮೂರು ಬಾರಿ ಎಚ್ಚರಿಕೆ. ಆಮೇಲೂ ತಿದ್ದಿಕೊಳ್ಳದಿದ್ದರೆ ಅಧಿಕಾರದ ಕುರುಹಾದ ಜಿಂಕೆಯ ಕೊಂಬನ್ನು ತಾಯಿ ಹಿಂದಕ್ಕೆ ತೆಗೆದುಕೊಳ್ಳುವಳು. ಸಭೆಯಲ್ಲಿ ಕೈಯೆತ್ತಿ ಎಣಿಸುವ ಪದ್ಧತಿಯಿಲ್ಲ. ಅಣ್ಣಂದಿರಾದ ಮೋಹಾಕ್ ಮತ್ತು ಸೆನೆಕಾದವರು ಚರ್ಚಿಸಿ ವಿಷಯವನ್ನು ಅಗ್ನಿಯಾಚೆಗಿನ ತಮ್ಮಂದಿರಿಗೆ ದಾಟಿಸುತ್ತಾರೆ. ಎರಡು ಕಡೆಯೂ ಒಮ್ಮತ ಬಂದರೆ ಒನಂಡಾಗರು ಸ್ಥಿರಪಡಿಸುತ್ತಾರೆ. 1744ರಲ್ಲಿ ಲಂಕಾಸ್ಟರಿನಲ್ಲಿ ಒನಂಡಾಗ ನಾಯಕ ಕನಸತೆಗೊ ಬ್ರಿಟಿಷ್ ವಸಾಹತುಗಳಿಗೆ ತಮ್ಮಂತೆ ಒಂದಾಗಿರೆಂದು ಬುದ್ಧಿ ಹೇಳಿದ್ದನು. ಅಮೆರಿಕದ ಸಂವಿಧಾನ ಇವರಿಗೆ ಎಷ್ಟು ಋಣಿ ಎಂಬ ವಾದ ಇಂದಿಗೂ ನಡೆದಿದೆ. ನಮ್ಮ ದೃಷ್ಟಿಗೆ ಮುಖ್ಯವಾಗಿ ಕಂಡದ್ದು ಆ ಸಂವಿಧಾನಕಾರರು ಏನನ್ನು ಕೈಬಿಟ್ಟರೆಂಬುದು: ದೇಶದಾದ್ಯಂತ ಹೆಂಗಸರಿಗೆ ಮತದಾನದ ಹಕ್ಕು ದೊರೆತದ್ದು 1920ರಲ್ಲಿ.

ಇವರನ್ನು ಋಷಿಗಳೆಂದು ಚಿತ್ರಿಸುವುದು ಬೇಡ. 1649ರಲ್ಲಿ ನೆರೆಯ ಹ್ಯೂರಾನರ ಊರುಗಳನ್ನು ಧ್ವಂಸಗೊಳಿಸಿದವರು ಇವರೇ. ಅಮೆರಿಕದ ಸ್ವಾತಂತ್ರ್ಯಸಮರದಲ್ಲಿ ಕುಲಗಳು ಇಬ್ಭಾಗವಾದವು; 1777ರಲ್ಲಿ ಮಹಾಸಭೆಯ ಅಗ್ನಿ ಆರಿತು; 1779ರಲ್ಲಿ ವಾಷಿಂಗ್ಟನ್ನರ ಸೈನ್ಯ ಹತ್ತಾರು ಊರುಗಳನ್ನೂ ಬೆಳೆಯನ್ನೂ ಸುಟ್ಟಿತು. 1924ರಲ್ಲಿ ಕೆನಡಾ ಸರ್ಕಾರವು ಗ್ರ್ಯಾಂಡ್ ನದಿಯ ಪಾರಂಪರಿಕ ಸಭೆಯನ್ನು ತೆಗೆದುಹಾಕಿ ಚುನಾಯಿತ ಮಂಡಳಿಯನ್ನು ಹೇರಿತು. ಆದರೂ ಅಲ್ಲಿಯ ನಾಯಕರು ಸಭೆ ಸೇರುವುದನ್ನು ನಿಲ್ಲಿಸಲಿಲ್ಲ. ಒನಂಡಾಗದಲ್ಲಿ ಇಂದಿಗೂ ತಾಯಂದಿರು ಆರಿಸಿದ ನಾಯಕರೇ ಆಳುತ್ತಾರೆ. ವಸ್ತುಸಂಗ್ರಹಾಲಯದಲ್ಲಿದ್ದ ಹನ್ನೆರಡು ವಾಂಪಮ್ ಪಟ್ಟಿಗಳನ್ನು ನ್ಯೂಯಾರ್ಕ್ ಸಂಸ್ಥಾನವು 1989ರಲ್ಲಿ ಅವರಿಗೆ ಹಿಂತಿರುಗಿಸಿತು. ಐದು ಕುಲಗಳನ್ನು ಒಂದೇ ಬಿಳಿಯ ಗೆರೆಯಿಂದ ಕೂಡಿಸಿದ, ಹಯವಾಥಾನ ಹೆಸರಿನ ಪಟ್ಟಿಯೂ ಅವುಗಳಲ್ಲಿತ್ತು.

ಪಟ್ಟಿ ಮರಳಿದರೆ ಸಾಲದು, ಅದನ್ನು ನುಡಿಸುವ ನಾಲಗೆಯೂ ಬೇಕಷ್ಟೆ. ಇಂಗ್ಲಿಷ್ ಶಾಲೆಗಳಲ್ಲಿ ಎರಡು ಮೂರು ತಲೆಮಾರು ತಾಯ್ನುಡಿ ಕಳೆದುಕೊಂಡಿತ್ತು. ಅಕ್ವಸಾಸ್ನೆಯ ಮೋಹಾಕ್ ತಂದೆತಾಯಂದಿರು 1979ರಲ್ಲಿ ತಾವೇ ಒಂದು ಶಾಲೆ ತೆರೆದರು. ಭೂಮಿ, ನೀರು, ಗಿಡಮರ, ಗಾಳಿ, ಸೂರ್ಯಚಂದ್ರರಿಗೆ ಒಂದೊಂದಾಗಿ ಕೃತಜ್ಞತೆ ಹೇಳುವ ಮಾತಿನಿಂದಲೇ ಅವರ ಸಭೆಗಳೆಲ್ಲ ಆರಂಭವಾಗುವುದು. ಆ ಶಾಲೆಯ ಮಕ್ಕಳು ತಮ್ಮ ದಿನವನ್ನು ತೊಡಗುವುದೂ ಮೋಹಾಕ್ ನುಡಿಯ ಅದೇ ಮಾತಿನಿಂದ.