ನೀಲಿ ತಟ್ಟೆಗಳ ಕಾಳಗದಲ್ಲಿ ಕಾಫಿ ಸೀಮೆಯ ಗಿರಾಕಿ

ಕಾಫಿ ಗಿಡ ನೆಡುವವರಿಗೆ ತಳಿ ಆರಿಸುವ ಕಷ್ಟ ಚೆನ್ನಾಗಿ ಗೊತ್ತು. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಿಂದ 1980ರ ದಶಕದಲ್ಲಿ ‘ಕಾವೇರಿ’ ಎಂಬ ಗಿಡ್ಡ ತಳಿ ಬಂದಾಗ, ಎಲೆತುಕ್ಕು ರೋಗದ ಕಾಟ ತಪ್ಪಿತೆಂದು ಅದನ್ನು ನೆಟ್ಟವರುಂಟು. ಮುಂದೆ ತುಕ್ಕು ಅದಕ್ಕೂ ತಗುಲಿತು. ಆದರೂ ರೋಗ ಬಿದ್ದ ಗಿಡ ಒಂದಿಷ್ಟು ಫಸಲನ್ನಾದರೂ ಕೊಡುತ್ತದೆ, ಔಷಧಿ ಹೊಡೆದು ಉಳಿಸಿಕೊಳ್ಳಬಹುದು. ಕಂಪನಿಯೇ ಕೈಬಿಟ್ಟ ಯಂತ್ರಕ್ಕೆ ಯಾವ ಔಷಧಿ ಹೊಡೆಯುವುದು?

ಈ ಪ್ರಶ್ನೆ 2008ರ ಫೆಬ್ರವರಿ 19ರಂದು ಜಗತ್ತಿನ ಸುಮಾರು ಹತ್ತು ಲಕ್ಷ ಗಿರಾಕಿಗಳ ಮುಂದೆ ಬಂದು ನಿಂತಿತು. ಅಂದು ಜಪಾನಿನ ತೊಶಿಬಾ ಕಂಪನಿ ತನ್ನ ‘ಎಚ್‌ಡಿ ಡಿವಿಡಿ’ ಯಂತ್ರಗಳ ತಯಾರಿಕೆ ನಿಲ್ಲಿಸುವುದಾಗಿ ಸಾರಿತು. ಯಂತ್ರ ಮೊದಲು ಮಾರುಕಟ್ಟೆಗೆ ಬಂದದ್ದು 2006ರ ಮಾರ್ಚ್ 31ರಂದು. ಎರಡು ವರ್ಷವೂ ತುಂಬಿರಲಿಲ್ಲ.

ಎದುರಾಳಿ ಸೋನಿ, ಪ್ಯಾನಸಾನಿಕ್, ಫಿಲಿಪ್ಸ್ ಮೊದಲಾದವರ ‘ಬ್ಲೂ-ರೇ’. ಎರಡೂ ನೋಡಲು ಒಂದೇ ಅಗಲದ ತಟ್ಟೆಗಳು. ಎರಡರಲ್ಲೂ ಅಡ್ಡ 1920, ಉದ್ದ 1080 ಚುಕ್ಕೆಗಳ ಚಿತ್ರ. ಎರಡನ್ನೂ ಓದುವುದು 405 ನ್ಯಾನೋಮೀಟರ್ ತರಂಗಾಂತರದ ನೀಲಿ-ನೇರಳೆ ಲೇಸರ್. ಹಾಗಿದ್ದೂ ಒಂದರ ತಟ್ಟೆ ಇನ್ನೊಂದರ ಯಂತ್ರದಲ್ಲಿ ಓಡದು.

ಬೆಳಕು ನೀಲಿಯಾಗಿದ್ದರಿಂದ ಏನು ಲಾಭ? ಪೆನ್ನಿನ ನಿಬ್ಬನ್ನು ನೆನಪಿಸಿಕೊಳ್ಳಿ. ದಪ್ಪ ನಿಬ್ಬಿನಲ್ಲಿ ಬರೆದರೆ ಕಾಪಿ ಪುಸ್ತಕದ ಒಂದು ಪುಟಕ್ಕೆ ಹತ್ತು ಸಾಲು, ಸಣ್ಣ ನಿಬ್ಬಿನಲ್ಲಿ ಇಪ್ಪತ್ತು. ಸಿಡಿ ಓದುವ ಬೆಳಕಿನ ತರಂಗಾಂತರ 780 ನ್ಯಾನೋಮೀಟರ್, ಡಿವಿಡಿಯ ಕೆಂಪು ಬೆಳಕಿನದು 650. ತರಂಗಾಂತರ ಕಡಿಮೆಯಾದಷ್ಟೂ ಬೆಳಕಿನ ಚುಕ್ಕೆ ಕಿರಿದಾಗುತ್ತದೆ, ತಟ್ಟೆಯ ಮೇಲಿನ ಸುರುಳಿ ಸಾಲುಗಳನ್ನು ಒತ್ತೊತ್ತಾಗಿ ಬರೆಯಬಹುದು. ಡಿವಿಡಿಯಲ್ಲಿ ಸಾಲಿನಿಂದ ಸಾಲಿಗೆ 0.74 ಮೈಕ್ರಾನ್ ಅಂತರವಿದ್ದರೆ ಬ್ಲೂ-ರೇಯಲ್ಲಿ 0.32. ಈ ನೀಲಿ ಬೆಳಕಿಗಾಗಿ ವಿಜ್ಞಾನಿಗಳು ದಶಕಗಳ ಕಾಲ ಒದ್ದಾಡಿದ್ದರು. ಗ್ಯಾಲಿಯಂ ನೈಟ್ರೈಡ್ ಎಂಬ ಹಟಮಾರಿ ಹರಳನ್ನು ಪಳಗಿಸಿ ಪ್ರಖರ ನೀಲಿ ಎಲ್‌ಇಡಿ ಮಾಡಿದ ಅಕಾಸಾಕಿ, ಅಮಾನೊ, ನಕಾಮುರಾ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು.

ಜಗಳವಿದ್ದದ್ದು ತಟ್ಟೆಯ ಮೇಲ್ಪದರದಲ್ಲಿ. ಎಚ್‌ಡಿ ಡಿವಿಡಿಯವರು ಹಳೆಯ ಡಿವಿಡಿಯಂತೆ 0.6 ಮಿಲಿಮೀಟರ್ ಕೆಳಗೆ ಮಾಹಿತಿ ಹುದುಗಿಸಿದರು. ಹಳೆಯ ಕಾರ್ಖಾನೆಯನ್ನೇ ಅಷ್ಟಿಷ್ಟು ತಿದ್ದಿಕೊಂಡರೆ ಸಾಕು, ಖರ್ಚು ಕಡಿಮೆ. ಬ್ಲೂ-ರೇಯವರು ಮೇಲ್ಮೈಯಿಂದ ಬರೀ 0.1 ಮಿಲಿಮೀಟರ್ ಒಳಗಿಟ್ಟರು. ಚುಕ್ಕೆ ಇನ್ನೂ ಸಣ್ಣದಾಯಿತು, ಒಂದು ಪದರದಲ್ಲಿ 25 ಗಿಗಾಬೈಟ್ ಹಿಡಿಯಿತು. ಎದುರಾಳಿಯದು 15. ಆದರೆ ಇಷ್ಟು ತೆಳುವಾದ ಹೊದಿಕೆಗೆ ಗೀರು ಬಿದ್ದರೆ ಕಷ್ಟವೆಂದು ಮೇಲೊಂದು ಗಟ್ಟಿ ಲೇಪ ಬಳಿಯಬೇಕಾಯಿತು, ಯಂತ್ರಗಳನ್ನೂ ಹೊಸದಾಗಿ ಹೂಡಬೇಕಾಯಿತು. 2006ರಲ್ಲಿ ಅಮೆರಿಕದಲ್ಲಿ ತೊಶಿಬಾದ ಯಂತ್ರಕ್ಕೆ 499 ಡಾಲರ್, ಸ್ಯಾಮ್‌ಸಂಗ್‌ನ ಬ್ಲೂ-ರೇ ಯಂತ್ರಕ್ಕೆ ಸಾವಿರ ಡಾಲರ್!

ಬೆಲೆ ನೋಡಿದರೆ ಗೆಲ್ಲಬೇಕಾದದ್ದು ತೊಶಿಬಾ. ಗೆದ್ದದ್ದು ಬ್ಲೂ-ರೇ. ಸೋನಿ ತನ್ನ ಪ್ಲೇಸ್ಟೇಷನ್-3 ಆಟದ ಪೆಟ್ಟಿಗೆಯೊಳಗೇ ಬ್ಲೂ-ರೇ ಕೂರಿಸಿ ಮನೆಮನೆಗೆ ನುಗ್ಗಿಸಿತು. ಡಿಸ್ನಿ, ಫಾಕ್ಸ್ ಸಂಸ್ಥೆಗಳು ಅದರ ಪಕ್ಷದಲ್ಲಿದ್ದವು. ಅಲ್ಲೂ ಇಲ್ಲೂ ಕಾಲಿಟ್ಟಿದ್ದ ವಾರ್ನರ್ 2008ರ ಜನವರಿ 4ರಂದು ಬ್ಲೂ-ರೇಯೇ ಸಾಕೆಂದದ್ದೇ ತಡ, ಒಂದೂವರೆ ತಿಂಗಳಲ್ಲಿ ಆಟ ಮುಗಿಯಿತು. 2007ರ ನವೆಂಬರಿನಲ್ಲಿ ವಾಲ್‌ಮಾರ್ಟ್ ಅಂಗಡಿಯಲ್ಲಿ ನೂರು ಡಾಲರಿಗೂ ಕಡಿಮೆಗೆ ಸಿಕ್ಕಿತೆಂದು ತೊಶಿಬಾ ಯಂತ್ರ ಹೊತ್ತೊಯ್ದವರ ಮನೆಯಲ್ಲಿ ಅದು ಹಳೆಯ ಡಿವಿಡಿ ಹಾಕಿ ನೋಡುವ ಪೆಟ್ಟಿಗೆಯಾಗಿ ಉಳಿಯಿತು.

ಇಷ್ಟೆಲ್ಲ ನಡೆಯುವಾಗ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಮನೆಗಳಲ್ಲಿ ಏನಿತ್ತು? 1994ರಲ್ಲಿ ಬ್ರೆಜಿಲ್‌ನ ತೋಟಗಳಿಗೆ ಹಿಮ ಬಿದ್ದು ಇಲ್ಲಿ ಕಾಫಿಗೆ ಬಂಗಾರದ ಬೆಲೆ ಬಂದಿತ್ತು. ಆ ದಶಕ ಮುಗಿಯುವ ಹೊತ್ತಿಗೆ ಧಾರಣೆ ನೆಲಕಚ್ಚಿತು. ಚೇತರಿಸಿಕೊಳ್ಳುತ್ತಿದ್ದ ಬೆಳೆಗಾರನಿಗೆ ಸಾವಿರ ಡಾಲರಿನ ಯಂತ್ರ ಯಾರ ಮನೆಯ ಮಾತು? 2007ರ ಹೊತ್ತಿಗೆ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರತೊಡಗಿತು. ಒಂದು ತಟ್ಟೆಯಲ್ಲಿ ಒಂದು ಗಂಟೆಯಷ್ಟೇ ಹಿಡಿಯುವ ವಿಸಿಡಿಯ ಚಿತ್ರದಲ್ಲಿ ಸಾಲುಗಳು ಕೇವಲ 288, ಜನ ಓಡಿದರೆ ಚೌಕಚೌಕ ಕಾಣುತ್ತಿತ್ತು. ಆದರೂ ತೋಟದ ಬಂಗಲೆಯಲ್ಲೂ ಲೈನ್ ಮನೆಯಲ್ಲೂ ಓಡಿದ್ದು ಅದೇ. 2006ರ ಡಿಸೆಂಬರ್ 29ರಂದು ತೆರೆಕಂಡ ‘ಮುಂಗಾರು ಮಳೆ’ಯನ್ನು ಮನೆಯಲ್ಲಿ ನೋಡಬೇಕೆಂದವರಿಗೆ ಈ ಎರಡು ನೀಲಿ ತಟ್ಟೆಗಳಿಂದ ಕಾಸಿನ ಪ್ರಯೋಜನವಿರಲಿಲ್ಲ. ಬ್ಲೂ-ರೇ ಗೆದ್ದ ಮೇಲೂ ಅದರಲ್ಲಿ ಕನ್ನಡ ಚಿತ್ರಗಳು ಬಂದದ್ದು ಅಪರೂಪ. ತಟ್ಟೆಯ ಬೆಲೆ ಅದರೊಳಗಿನ ಚಿತ್ರದ್ದೇ ಹೊರತು ಗಿಗಾಬೈಟಿನದಲ್ಲ.

ಇನ್ನು ಕಣ್ಣಿನ ಲೆಕ್ಕ. ಅಂಗಡಿಯವರು ಇದನ್ನು ಹೇಳುವುದಿಲ್ಲ. ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಭಾಗಕ್ಕಿಂತ ಸೂಕ್ಷ್ಮವಾದದ್ದನ್ನು ಸಾಮಾನ್ಯ ಕಣ್ಣು ಬಿಡಿಸಿ ನೋಡಲಾರದು. 32 ಇಂಚಿನ ಪರದೆಯ ಎತ್ತರ ಸುಮಾರು 40 ಸೆಂಟಿಮೀಟರ್. ಡಿವಿಡಿಯ 576 ಸಾಲುಗಳನ್ನು ಅದರಲ್ಲಿ ಹಂಚಿದರೆ ಒಂದೊಂದು ಸಾಲು 0.7 ಮಿಲಿಮೀಟರ್. ಎಂಟು ಅಡಿ ದೂರ ಕೂತರೆ ಆ ಸಾಲುಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ತೊಟ್ಟಿಮನೆಯ ಉದ್ದನೆಯ ಜಗಲಿಯಲ್ಲಿ ಹತ್ತು ಅಡಿ ದೂರದ ಬೆಂಚಿನ ಮೇಲೆ ಕೂತವರಿಗೆ ಡಿವಿಡಿಯೂ ಒಂದೇ, ಬ್ಲೂ-ರೇಯೂ ಹೆಚ್ಚುಕಡಿಮೆ ಒಂದೇ. ಹಳೆಯ ಡಬ್ಬಾ ಟಿವಿಯಂತೂ 576ಕ್ಕಿಂತ ಹೆಚ್ಚಿನ ಸಾಲು ತೋರಿಸುತ್ತಲೇ ಇರಲಿಲ್ಲ. ಅದೇ 55 ಇಂಚಿನ ಪರದೆಯಾದರೆ ಹತ್ತು ಅಡಿಯಿಂದಲೂ ವ್ಯತ್ಯಾಸ ಎದ್ದು ಕಾಣುತ್ತದೆ. ಆದರೆ ಈಗಿನ ‘ಫೋರ್-ಕೆ’ ತಟ್ಟೆಯ ಪೂರ್ತಿ ಸೊಗಸು ಆ ಪರದೆಯಲ್ಲೂ ಸಿಗಬೇಕಾದರೆ ನಾಲ್ಕು ಅಡಿಗಿಂತ ಹತ್ತಿರ ಹೋಗಬೇಕು. ಮಕ್ಕಳು ಹಾಗೆ ಕೂತರೆ ಅಜ್ಜಿ ಬೈಯುತ್ತಾರೆ.

ಹಾಗಾದರೆ ಈ ಸೀಮೆಗೆ ತಟ್ಟೆಯೇ ಬೇಡವೇ? ಹಾಗೆನ್ನಲಾಗದು, ಇಲ್ಲಿನ ಮಳೆ ಅದಕ್ಕೆ ಬೇರೊಂದು ಬೆಲೆ ಕಟ್ಟಿದೆ. ಮನೆ ಮಾಡಿನ ಮೇಲಿನ ಸಣ್ಣ ಡಿಟಿಎಚ್ ತಟ್ಟೆಗೆ ಬರುವ ಅಲೆಗಳ ತರಂಗಾಂತರ ಎರಡೂವರೆ ಸೆಂಟಿಮೀಟರಿನಷ್ಟು. ದೊಡ್ಡ ಹನಿಗಳ ಮಳೆ ಇವನ್ನು ಹೀರಿ ಚದುರಿಸಿಬಿಡುತ್ತದೆ. ಜೂನ್, ಜುಲೈಯಲ್ಲಿ ಕಳಸದ ಕಡೆ ಮಳೆ ಹಿಡಿದುಕೊಂಡಾಗ ಚಿತ್ರ ತುಂಡುತುಂಡಾಗಿ ನಿಂತೇ ಹೋಗುವುದು ಇದರಿಂದ. ಮರ ಬಿದ್ದು ಇಂಟರ್‌ನೆಟ್ ತಂತಿ ಹರಿದರೆ ಮೊಬೈಲಿನ ಸಿನಿಮಾವೂ ಇಲ್ಲ. ಇನ್ವರ್ಟರ್ ಇದ್ದರೆ ತಟ್ಟೆ ಮಾತ್ರ ಓಡುತ್ತದೆ. ಗುಣಮಟ್ಟದಲ್ಲೂ ಅದಕ್ಕೆ ಸರಿಸಾಟಿಯಿಲ್ಲ: ಬ್ಲೂ-ರೇ ಚಿತ್ರಕ್ಕೆ ಸೆಕೆಂಡಿಗೆ 40 ಮೆಗಾಬಿಟ್‌ವರೆಗೆ ಮಾಹಿತಿ ಸುರಿಯುತ್ತದೆ, ಇಂಟರ್‌ನೆಟ್‌ನಲ್ಲಿ ಬರುವ ಅದೇ 1080 ಸಾಲಿನ ಚಿತ್ರಕ್ಕೆ ಸಿಗುವುದು ಸುಮಾರು 5.

ಆದರೆ ಗೆದ್ದವರ ಮನೆಯಲ್ಲೂ ಈಗ ದೀಪ ಮಂಕಾಗಿದೆ. ಸ್ಯಾಮ್‌ಸಂಗ್ 2019ರಲ್ಲಿ ಅಮೆರಿಕಕ್ಕೆ ಹೊಸ ಬ್ಲೂ-ರೇ ಯಂತ್ರ ತರುವುದನ್ನು ಬಿಟ್ಟಿತು. ಸೋನಿ 2025ರ ಫೆಬ್ರವರಿಯಲ್ಲಿ ಬರೆಯಬಹುದಾದ ಬ್ಲೂ-ರೇ ತಟ್ಟೆಗಳ ತಯಾರಿಕೆ ನಿಲ್ಲಿಸಿತು. ಮೋಸರ್ ಬೇರ್ 2018ರಲ್ಲೇ ದಿವಾಳಿಯಾಗಿ ಮುಚ್ಚುವ ಆದೇಶ ಪಡೆದಿತ್ತು.

ಸಿನಿಮಾ ಹೋದರೆ ಹೋಗಲಿ, ಇನ್ನೆಲ್ಲಾದರೂ ಸಿಕ್ಕೀತು. ಅಪ್ಪ-ಅಮ್ಮನ ಮದುವೆ ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ, ಅಕ್ಕನದು ವಿಸಿಡಿಯಲ್ಲಿ, ತಮ್ಮನದು ಡಿವಿಡಿಯಲ್ಲಿ ಇರುವ ಮನೆಗಳು ಇಲ್ಲಿ ಬೇಕಾದಷ್ಟಿವೆ. ಮಲೆನಾಡಿನ ತೇವಕ್ಕೆ ಕ್ಯಾಸೆಟ್ಟಿನ ಟೇಪಿನ ಮೇಲೆ ಬಿಳಿ ಬೂಷ್ಟು ಹಿಡಿಯುತ್ತದೆ, ಹಾಗೇ ಓಡಿಸಿದರೆ ಯಂತ್ರದ ಹೆಡ್ಡೂ ಹಾಳು. ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗಿಟ್ಟರೆ ಬೂಷ್ಟು ಬಾರದಿರಬಹುದು, ಮಸಿ ಬಂದೀತು. ಕೊನೆಯ ವಿಸಿಆರ್ ತಯಾರಾದದ್ದು 2016ರ ಜುಲೈಯಲ್ಲಿ, ಜಪಾನಿನ ಫುನಾಯ್ ಕಂಪನಿಯಿಂದ. ಬೂಷ್ಟು ಒರೆಸಿ ಇವನ್ನು ಹಾರ್ಡ್ ಡಿಸ್ಕಿಗೆ ಇಳಿಸಿ, ಎರಡು ಪ್ರತಿ ಮಾಡಿ ಎರಡು ಮನೆಯಲ್ಲಿಡುವ ಕೆಲಸವನ್ನು ಮಳೆಗಾಲಕ್ಕೆ ಮುಂಚೆಯೇ ಮುಗಿಸುವುದು ಲೇಸು.

ಬ್ಲೂ-ರೇ ಯಂತ್ರ ಕೊಳ್ಳಲೇಬೇಕೆಂದರೆ ಒಂದು ಸಂಗತಿ. ಅದು ಡಿವಿಡಿಯನ್ನು ಓದುತ್ತದೆ. ವಿಸಿಡಿಯನ್ನು ಎಲ್ಲ ಯಂತ್ರಗಳೂ ಓದುವುದಿಲ್ಲ. ಅಂಗಡಿಗೆ ಹೋಗುವಾಗ ಅಕ್ಕನ ಮದುವೆಯ ವಿಸಿಡಿಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ದುಡ್ಡು ಕೊಡುವ ಮೊದಲು ಅಲ್ಲೇ ಹಾಕಿಸಿ ನೋಡಿ.