ಕಾರಿನ ಅಲಾರಂಗೆ ಇನ್ನೊಂದು ಕಿವಿ

ಹಾರೋಹಳ್ಳಿಯಾಚೆ ನನ್ನದು ಮೂರೂವರೆ ಎಕರೆ. ಏಲಕ್ಕಿ ಬಾಳೆ, ಸೊಪ್ಪು, ಒಂದಿಷ್ಟು ತೆಂಗು. ಬುಧವಾರ, ಶನಿವಾರ ಕಾರಿನ ಹಿಂದಿನ ಸೀಟು ಮಡಿಚಿ, ಕ್ರೇಟು ತುಂಬಿಕೊಂಡು ಕನಕಪುರ ರಸ್ತೆ ಹಿಡಿಯುತ್ತೇನೆ. ಬನಶಂಕರಿ, ಜೆ.ಪಿ. ನಗರ, ಜಯನಗರ ಸೇರಿ 26 ಮನೆಗಳಿಗೆ ನೇರ ಮಾರಾಟ. ಮಧ್ಯೆ ದಲ್ಲಾಳಿ ಇಲ್ಲ.

2024ರ ನವೆಂಬರ್. ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆಯ ವಾರ. ಜಯನಗರ 4ನೇ ಬ್ಲಾಕಿನ ಅಡ್ಡರಸ್ತೆಯೊಂದರಲ್ಲಿ ಗಾಡಿ ನಿಲ್ಲಿಸಿ, ರಿಮೋಟ್ ಒತ್ತಿ, ಮೂರನೇ ಮಹಡಿಗೆ ಬಾಳೆಗೊನೆ ಹೊತ್ತು ಹೋದೆ. ಹದಿನೈದು ನಿಮಿಷವೂ ಆಗಿರಲಿಲ್ಲ. ಕೆಳಗೆ ಬಂದರೆ ಎಡಗಡೆ ಮುಂದಿನ ಗಾಜು ಪುಡಿಪುಡಿ. ಸೀಟಿನ ಮೇಲಿದ್ದ ಚೀಲ ಮಾಯ.

ಚೀಲದಲ್ಲಿದ್ದದ್ದು 7,200 ರೂಪಾಯಿ. ಅದು ಹೋಗ್ಲಿ, ಒಂದು ವಾರದ ದುಡಿಮೆ ಅಂದುಕೊಳ್ಳಬಹುದು. ಜತೆಗೊಂದು ಉದ್ದ ನೋಟ್‌ಬುಕ್ ಇತ್ತು. ಮುಂದಿನಿಂದ ಗಿರಾಕಿಗಳ ಬಾಕಿ. ಹಿಂದಿನಿಂದ ನಮ್ಮ ತೋಟದ ಮಳೆ ಲೆಕ್ಕ. 2013ರಿಂದ ದಿನಾ ಬೆಳಿಗ್ಗೆ ಅಳೆದು ಬರೆದದ್ದು. ಅದರ ನಕಲು ಇಟ್ಟಿರಲಿಲ್ಲ. ಕದ್ದವನಿಗೆ ಅದು ರದ್ದಿ.

ಎದುರು ಕಟ್ಟಡದ ವಾಚ್‌ಮನ್‌ನನ್ನು ಕೇಳಿದೆ, "ಗಾಡಿ ಕೂಗಲಿಲ್ವೇನಪ್ಪ?" "ಇಲ್ಲ ಸಾರ್, ಏನೂ ಸದ್ದಾಗ್ಲಿಲ್ಲ" ಅಂದ. ನನಗೆ ನಂಬಿಕೆ ಬರಲಿಲ್ಲ. ಕಾರು ಕೊಳ್ಳುವಾಗ 'ಅಲಾರಂ ಇದೆ' ಅಂತ ಹೇಳಿಸಿಕೊಂಡೇ ಕೊಂಡಿದ್ದೆ.

ಅಲಾರಂ ಕೆಟ್ಟಿರಲಿಲ್ಲ. ಅದಕ್ಕೆ ಗೊತ್ತಿರುವುದೇ ಅಷ್ಟು. ನನ್ನ ಕಾರಿನ ಅಲಾರಂ ಬಾಗಿಲಿನ ಸ್ವಿಚ್ಚುಗಳನ್ನು ಮಾತ್ರ ಕಾಯುತ್ತದೆ. ಬೀಗ ಹಾಕಿದ ಮೇಲೆ ಯಾರಾದರೂ ಬಾಗಿಲು ತೆರೆದರೆ ಕೂಗುತ್ತದೆ. ಗಾಜು ಒಡೆದು ಕೈ ಹಾಕಿ ಚೀಲ ಎಳೆದರೆ ಬಾಗಿಲು ತೆರೆದಂತಾಗಲಿಲ್ಲವಲ್ಲ? ಅದರ ಪಾಲಿಗೆ ಎಲ್ಲವೂ ಕ್ಷೇಮ. ಇಮ್ಮೊಬಿಲೈಸರ್ ಎಂಬುದೂ ಇದೆ. ಅದು ಬೇರೆ ಕೀಲಿಯಿಂದ ಎಂಜಿನ್ ಶುರುವಾಗದಂತೆ ತಡೆಯುತ್ತದೆ. ಗಾಡಿ ಉಳಿಯಿತು, ಗಾಡಿಯೊಳಗಿನದು ಹೋಯಿತು.

ಇದಕ್ಕೆ ಹೊರಗಿನಿಂದ ಸೆನ್ಸರ್ ಜೋಡಿಸಬಹುದು ಎಂದವನು ಬನಶಂಕರಿಯ ಒಬ್ಬ ಆಟೋ ಎಲೆಕ್ಟ್ರೀಷಿಯನ್ ಹುಡುಗ. ಪಂಪ್‌ಸೆಟ್ ಇಟ್ಟವರಿಗೆ ಈ ವಿದ್ಯೆ ಹೊಸದಲ್ಲ. ಸ್ಟಾರ್ಟರಿಗೆ ನಾವು ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಿಸುತ್ತೇವೆ. ಸ್ಟಾರ್ಟರನ್ನು ಬಿಚ್ಚಿ ಬದಲಿಸುವುದಿಲ್ಲ. ನೋ-ವೋಲ್ಟ್ ಕಾಯಿಲಿನ ದಾರಿಯಲ್ಲಿ ಪ್ರಿವೆಂಟರಿನ ಕಾಂಟ್ಯಾಕ್ಟ್ ಕೂರಿಸುತ್ತೇವೆ. ಫೇಸ್ ಹೋದದ್ದನ್ನು ಪ್ರಿವೆಂಟರ್ ನೋಡುತ್ತದೆ, ಬೀಳುವುದು ಹಳೇ ಸ್ಟಾರ್ಟರೇ. ಇಲ್ಲೂ ಹಾಗೇ. ಏಟು ಬಿದ್ದದ್ದು ಸೆನ್ಸರಿಗೆ ಗೊತ್ತಾಗುತ್ತದೆ, ಕೂಗುವುದು ಕಂಪನಿಯ ಅಲಾರಮ್ಮೇ.

ಜೆ.ಸಿ. ರಸ್ತೆಯಲ್ಲಿ 650 ರೂಪಾಯಿಗೆ ಶಾಕ್ ಸೆನ್ಸರ್ ಸಿಕ್ಕಿತು. ಬೆಂಕಿಪೊಟ್ಟಣದಷ್ಟು ದೊಡ್ಡದು. ಒಳಗಿರುವುದು ಅಡುಗೆಮನೆಯ ಗ್ಯಾಸ್ ಲೈಟರಿನ ಜಾತಿಯ ವಸ್ತು: ಏಟು ಬಿದ್ದರೆ ವಿದ್ಯುತ್ ಹುಟ್ಟಿಸುತ್ತದೆ. (ಈ ಗುಣವನ್ನು 1880ರಲ್ಲಿ ಕ್ಯೂರಿ ಸಹೋದರರು ತೋರಿಸಿಕೊಟ್ಟದ್ದು.) ಸೆನ್ಸರಿನಿಂದ ನಾಲ್ಕು ವೈರು. ಕೆಂಪು ಬ್ಯಾಟರಿಗೆ, ಕಪ್ಪು ಬಾಡಿಗೆ. ಉಳಿದೆರಡರಲ್ಲಿ ಒಂದು ಸಣ್ಣ ಏಟಿಗೆ, ಇನ್ನೊಂದು ಜೋರು ಏಟಿಗೆ. ನಾವು ಬಳಸಿದ್ದು ಜೋರಿನದು ಮಾತ್ರ.

ಮುಖ್ಯ ಕೆಲಸ ಬಾಗಿಲಿನ ಸ್ವಿಚ್ಚಿನ ವೈರು ಹುಡುಕುವುದು. ಹುಡುಗ ಮೀಟರ್ ಹಿಡಿದು ನೋಡಿದ. ಬಾಗಿಲು ಮುಚ್ಚಿದಾಗ 12 ವೋಲ್ಟಿನ ಹತ್ತಿರ, ತೆರೆದರೆ ಸೊನ್ನೆ. ಅಂದರೆ ಬಾಗಿಲು ತೆರೆದಾಗ ಆ ವೈರು ಬಾಡಿಗೆ ತಾಗುತ್ತದೆ. ಸೆನ್ಸರೂ ಏಟು ಬಿದ್ದಾಗ ತನ್ನ ವೈರನ್ನು ಕ್ಷಣಹೊತ್ತು ಬಾಡಿಗೆ ತಾಗಿಸುತ್ತದೆ. ಎರಡನ್ನೂ ಸೇರಿಸಿದರೆ ಅಲಾರಂ 'ಬಾಗಿಲು ತೆರೀತು' ಅಂದುಕೊಂಡು ಕೂಗುತ್ತದೆ. ಮಧ್ಯೆ ಒಂದು ಡಯೋಡ್ ಬೇಕು, 1ಎನ್4007. ಬಿಳಿ ಗೀಟಿನ ತುದಿ ಸೆನ್ಸರಿನ ಕಡೆಗೆ. ಪಂಪಿನ ಫುಟ್‌ವಾಲ್ವ್ ಇದ್ದಂತೆ, ಒಂದೇ ಕಡೆಗೆ ಬಿಡುತ್ತದೆ. ಸೆನ್ಸರಿನ ಕರೆಂಟು ಕಾರಿನ ವೈರಿಗೆ ನುಗ್ಗದು. ಡ್ರೈವರ್ ಬಾಗಿಲಿನ ವೈರಿಗೆ ಬೇರೆ ಕೆಲಸಗಳೂ ಇರುತ್ತವೆ ಅಂತ ಹಿಂದಿನ ಎಡ ಬಾಗಿಲಿನದನ್ನು ಆರಿಸಿದೆವು.

ಓಡುವಾಗ ಪ್ರತಿ ಗುಂಡಿಗೂ ಸೆನ್ಸರ್ ಎಚ್ಚರವಾದರೆ? ಅದಕ್ಕೇ ಐದು ಕಾಲಿನ ರಿಲೇ. ಕೀಲಿ ತಿರುಗಿಸಿದ ಕೂಡಲೇ ಸೆನ್ಸರಿನ ಕರೆಂಟು ಕಡಿಯುತ್ತದೆ. ಬ್ಯಾಟರಿ ಇಳಿಯುತ್ತದೋ ಎಂಬ ಹೆದರಿಕೆ ಇತ್ತು. ಅಳೆದು ನೋಡಿದೆವು: 5 ಮಿಲಿ ಆಂಪಿಯರ್. ತಿಂಗಳಿಡೀ ನಿಂತಿದ್ದರೂ 3.6 ಆಂಪಿಯರ್-ಅವರ್. ನನ್ನದು 35ರ ಬ್ಯಾಟರಿ, ತೊಂದರೆಯಿಲ್ಲ. ದಾರಿಯಲ್ಲೊಂದು 1 ಆಂಪಿಯರ್ ಫ್ಯೂಸ್ ಹಾಕಲು ಮರೆಯಬೇಡಿ. ಹಳದಿ ಹೊದಿಕೆಯ ವೈರು, ಹಳದಿ ಕನೆಕ್ಟರ್ ಕಂಡರೆ ಕೈ ಇಡಲೇಬೇಡಿ, ಅದು ಏರ್‌ಬ್ಯಾಗಿನದು. ಹೊಸ ಕಾರುಗಳಲ್ಲಿ ಬಾಗಿಲಿನ ಸುದ್ದಿ ಇಂಥ ಸಾದಾ ವೈರಿನಲ್ಲಿ ಬಾರದೆ ಕಂಪ್ಯೂಟರ್ ಭಾಷೆಯಲ್ಲಿ ಬರುವುದೂ ಉಂಟು. ಅಲ್ಲಿ ಈ ಉಪಾಯ ನಡೆಯದು. ವಾರಂಟಿ ಇರುವ ಗಾಡಿಗೆ ಮಾಡಿಸಿದರೆ ವೈರಿಂಗಿನ ವಾರಂಟಿ ಹೋದೀತು, ಮೊದಲೇ ಕೇಳಿಕೊಳ್ಳಿ. ನನ್ನದರ ವಾರಂಟಿ ಮುಗಿದು ಎಷ್ಟೋ ಕಾಲವಾಗಿತ್ತು.

ರಿಲೇ, ವೈರು, ಕೂಲಿ ಎಲ್ಲ ಸೇರಿ 1,450 ರೂಪಾಯಿ. ಒಡೆದ ಗಾಜಿಗೆ ಕೊಟ್ಟದ್ದಕ್ಕಿಂತ ಕಡಿಮೆ.

ಆಮೇಲೆ ಶುರುವಾಯಿತು ಫಜೀತಿ. ಆ ಶನಿವಾರ ಜೆ.ಪಿ. ನಗರದಲ್ಲಿ ತಂಗಿಯ ಮನೆಯಲ್ಲಿ ಉಳಿದೆ. ಗಾಡಿ ರಸ್ತೆಯಲ್ಲಿ. ರಾತ್ರಿ ಒಂದೂವರೆಗೆ ನೀರಿನ ಟ್ಯಾಂಕರ್ ಹೋಯಿತು, ಕೂಗಿತು. ಮೂರಕ್ಕೆ ಬೆಕ್ಕು ಬಾನೆಟ್ಟಿಗೆ ಹಾರಿತು, ಕೂಗಿತು. ನಾಲ್ಕೂಕಾಲಕ್ಕೆ ತೆಂಗಿನ ಗರಿ. ಬೆಳಿಗ್ಗೆ ಪಕ್ಕದ ಮನೆಯ ಹಿರಿಯರು ಗೇಟಿನ ಹತ್ತಿರ ಕಾಯುತ್ತಿದ್ದರು. "ಸ್ವಾಮಿ, ಇದನ್ನ ತಗೊಂಡ್ಹೋಗಿ ನಿಮ್ಮ ತೋಟದಲ್ಲೇ ಕಟ್ಟಿಹಾಕಿ. ಹಂದಿ ಆದ್ರೂ ಓಡುತ್ತೆ." ಅವರದು ತಪ್ಪಲ್ಲ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮೀರಬಾರದೆಂದು 2000ದ ಶಬ್ದಮಾಲಿನ್ಯ ನಿಯಮವೇ ಇದೆ.

ಹಂದಿಯ ಮಾತು ನನಗೆ ನಾಟಿತು. ಹಂದಿ ಬೆದರಿಸುವ ಸದ್ದಿನ ಯಂತ್ರ ಇಟ್ಟವರಿಗೆ ಗೊತ್ತು. ನಾಲ್ಕು ದಿನ ಓಡುತ್ತವೆ, ಐದನೇ ದಿನ ಅದರ ಬುಡದಲ್ಲೇ ಗೆಣಸು ಕೀಳುತ್ತವೆ. ಸುಮ್ಮಸುಮ್ಮನೆ ಕೂಗುವ ಕಾರಿನ ಕಡೆ ಆ ಬೀದಿಯಲ್ಲಿ ಇನ್ನು ಯಾರು ತಿರುಗಿ ನೋಡುತ್ತಾರೆ?

ಸೆನ್ಸರಿನ ಮೇಲೆ ಪುಟ್ಟ ಸ್ಕ್ರೂ ಇದೆ. ಸೂಕ್ಷ್ಮತೆಯನ್ನು ಏರಿಸಿ ಇಳಿಸುವುದು ಅದರಿಂದ. ಮೂರು ವಾರ ಅದರ ಜತೆಯೇ ಸಂಸಾರ. ಮೊದಲು ಹುಡುಗ ಅದನ್ನು ಪ್ಲಾಸ್ಟಿಕ್ಕಿಗೆ ಅಂಟಿಸಿದ್ದ. ಬಿಚ್ಚಿಸಿ ಡ್ಯಾಶ್‌ಬೋರ್ಡಿನ ಕೆಳಗಿನ ಕಬ್ಬಿಣದ ಪಟ್ಟಿಗೆ ಬಿಗಿದೆವು. ಏಟು ನೇರ ಸಿಗುವುದರಿಂದ ಸ್ಕ್ರೂ ಇನ್ನಷ್ಟು ಇಳಿಸಲು ಸಾಧ್ಯವಾಯಿತು. ಟವೆಲ್ ಸುತ್ತಿದ ಮುಷ್ಟಿಯಿಂದ ಬಾಗಿಲಿನ ನಡುಗಂಬಕ್ಕೆ ಗುದ್ದಿ ಪರೀಕ್ಷೆ. ಗಾಜಿಗೆ ಗುದ್ದಬೇಡಿ. ರಿಮೋಟ್ ಒತ್ತಿ 20 ಸೆಕೆಂಡ್ ಕಾದು ಗುದ್ದಬೇಕು, ಅಲಾರಂ ಕಾವಲಿಗೆ ಕೂರಲು ನನ್ನ ಕಾರಿನಲ್ಲಿ ಅಷ್ಟು ಹೊತ್ತು ಬೇಕು.

ಈಗ ಬೆಕ್ಕಿಗೆ ಕೂಗುವುದಿಲ್ಲ, ಟ್ಯಾಂಕರಿಗೂ ಇಲ್ಲ. ಅಂಗೈಯಲ್ಲಿ ಜೋರಾಗಿ ತಟ್ಟಿದರೆ ಕೂಗುತ್ತದೆ. ಆದರೆ ಇದರಲ್ಲೊಂದು ದೋಷ ಉಳಿದಿದೆ, ಮುಚ್ಚಿಡಲಾರೆ. ಪಕ್ಕದ ಗಾಜು ಹದ ಮಾಡಿದ ಗಾಜು. ಚೂಪಾದ ಸಣ್ಣ ಏಟಿಗೂ ಪುಡಿಯಾಗಬಹುದು, ಬಾಡಿ ಅಷ್ಟೇನೂ ಅದುರದೆ. ಆಗ ಶಾಕ್ ಸೆನ್ಸರ್ ಸುಮ್ಮನಿದ್ದುಬಿಟ್ಟೀತು. ಗಾಜೊಡೆದ ಸದ್ದು ಗುರುತಿಸುವ ಮೈಕಿನ ಸೆನ್ಸರ್ ಬೇರೆ ಬರುತ್ತದೆ. ಗಾಡಿಯೊಳಗೆ ಕೈ ಆಡಿದ್ದನ್ನು ಹಿಡಿಯುವ ಅಲ್ಟ್ರಾಸಾನಿಕ್ ಕೂಡ ಇದೆ. ಬಿಸಿಲಿಗೆ ಗಾಜು ಸ್ವಲ್ಪ ಇಳಿಸಿಟ್ಟರೆ ಗಾಳಿಗೇ ಅದು ಕೂಗುತ್ತದಂತೆ; ಸೊಪ್ಪು ಸಾಗಿಸುವವನಿಗೆ ಆಗುವ ಮಾತಲ್ಲ. ಮೈಕಿನದನ್ನು ಇದೇ ಡಯೋಡ್ ಉಪಾಯದಿಂದ ಸೇರಿಸಬೇಕೆಂದಿದ್ದೇನೆ.

ಚೀಲ ಈಗ ನನ್ನ ಹೆಗಲಲ್ಲೇ ಮಹಡಿ ಹತ್ತುತ್ತದೆ.

ಗಿರಾಕಿಗಳ ಬಾಕಿ ಬಹುಪಾಲು ಬಂತು. ಪುಸ್ತಕ ಹೋಯಿತೆಂದು ತಿಳಿಸಿದಾಗ ಅವರವರೇ ಲೆಕ್ಕ ಹೇಳಿದರು. ಒಂದು ಮನೆಯವರು ನನ್ನ ನೆನಪಿಗಿಂತ 140 ರೂಪಾಯಿ ಹೆಚ್ಚೇ ಕೊಟ್ಟರು. ಮಳೆ ಲೆಕ್ಕ ಬರಲಿಲ್ಲ. 2025ರ ಜನವರಿ 1ರಿಂದ ಹೊಸ ಪುಸ್ತಕ ಶುರು ಮಾಡಿದ್ದೇನೆ. ಅದು ಮನೆಯ ಗೋಡೆಯ ಮೊಳೆಗೆ ನೇತಾಡುತ್ತಿದೆ, ತಿಂಗಳಿಗೊಮ್ಮೆ ಮಗಳು ಅದರ ಫೋಟೋ ತೆಗೆದಿಡುತ್ತಾಳೆ.