ಒಡಂಬಡಿಕೆಯೊಳಗಿನ ಒಂದು ಪದ

1918ರಲ್ಲಿ ಭೀಮರಾವ್ ಅಂಬೇಡ್ಕರರು ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನ ಪ್ರಾಧ್ಯಾಪಕರಾದರು. ಅಧ್ಯಾಪಕರ ನೀರಿನ ಹೂಜಿಯನ್ನು ಅವರು ಬಳಸುವುದಕ್ಕೆ ಕೆಲವು ಸಹೋದ್ಯೋಗಿಗಳು ಆಕ್ಷೇಪವೆತ್ತಿದರು. ಅಲ್ಲಿದ್ದುದು ಮೈಬಣ್ಣದ ಭೇದವಲ್ಲ, ಹುಟ್ಟಿನ ಭೇದ. ಇಂತಹ ಅನ್ಯಾಯವು ಜನಾಂಗಭೇದದ ವಿರುದ್ಧ ರಚಿತವಾದ ಅಂತರರಾಷ್ಟ್ರೀಯ ನಿಯಮಗಳ ವ್ಯಾಪ್ತಿಗೆ ಬರುವುದೇ ಎಂಬ ಪ್ರಶ್ನೆ ವಿಚಾರಾರ್ಹವಾದುದು.

1946ರಲ್ಲಿ ಭಾರತವು ದಕ್ಷಿಣ ಆಫ್ರಿಕದಲ್ಲಿದ್ದ ಭಾರತೀಯರ ದುಃಸ್ಥಿತಿಯನ್ನು ವಿಶ್ವಸಂಸ್ಥೆಯ ಮುಂದಿಟ್ಟಿತು. ಅದು ತನ್ನ ಆಂತರಿಕ ವಿಷಯವೆಂದು ದಕ್ಷಿಣ ಆಫ್ರಿಕ ವಾದಿಸಿತು. ಮಹಾಸಭೆ ಆ ವಾದಕ್ಕೆ ಮಣಿಯಲಿಲ್ಲ. 1965ರ ಡಿಸೆಂಬರ್ 21ರಂದು ಸರ್ವ ವಿಧದ ಜನಾಂಗಭೇದದ ನಿರ್ಮೂಲನಕ್ಕಾಗಿ ಒಡಂಬಡಿಕೆಯೊಂದು ಅಂಗೀಕೃತವಾಯಿತು. ಅದರ ಮೊದಲನೆಯ ವಿಧಿಯಲ್ಲಿ ಜನಾಂಗ, ವರ್ಣಗಳೊಡನೆ ‘ವಂಶ’ ಎಂಬ ಅರ್ಥದ ಪದವೂ ಇದೆ. ಅದನ್ನು ಸೇರಿಸಬೇಕೆಂದು ಸೂಚಿಸಿದುದು ಭಾರತವೇ ಎಂಬುದು ಗಮನಾರ್ಹ. 1968ರಲ್ಲಿ ಭಾರತವು ಒಡಂಬಡಿಕೆಯನ್ನು ಸ್ಥಿರೀಕರಿಸಿತು.

ಒಡಂಬಡಿಕೆಗೆ ಸೇರಿದ ಸರಕಾರಗಳು ಕಾಲಕಾಲಕ್ಕೆ ವರದಿಯೊಪ್ಪಿಸಬೇಕು. 18 ಮಂದಿ ತಜ್ಞರ ಸಮಿತಿಯು ಅದನ್ನು ಪರಿಶೀಲಿಸಿ, ಕಾನೂನಿನಲ್ಲಿಯೂ ಆಡಳಿತದಲ್ಲಿಯೂ ಆಗಬೇಕಾದ ಸುಧಾರಣೆಗಳನ್ನು ಸೂಚಿಸುತ್ತದೆ. ಸಮಿತಿಗೆ ದಂಡಿಸುವ ಅಧಿಕಾರವಿಲ್ಲ. ಪ್ರಶ್ನಿಸುವುದೇ ಅದರ ಬಲ.

ಜಾತಿಯು ಜನಾಂಗವಲ್ಲವಾದುದರಿಂದ ಅದು ಒಡಂಬಡಿಕೆಗೆ ಒಳಪಡದೆಂದು 1996ರಲ್ಲಿ ಭಾರತ ಸರಕಾರ ವಾದಿಸಿತು. ಸಮಿತಿ ಒಪ್ಪಲಿಲ್ಲ, ‘ವಂಶ’ವೆಂಬುದರಲ್ಲಿ ಜಾತಿಯೂ ಅಡಕವೆಂದು 2002ರಲ್ಲಿ ಸಾಮಾನ್ಯ ಶಿಫಾರಸಿನ ಮೂಲಕ ಸ್ಪಷ್ಟಪಡಿಸಿತು. ಅಸ್ಪೃಶ್ಯತೆಯನ್ನು ಸಂವಿಧಾನದ 17ನೆಯ ವಿಧಿ ರದ್ದುಗೊಳಿಸಿರುವುದು ನಿಜ. ಜಾತಿಗೆ ಜನಾಂಗ ಮೂಲವಲ್ಲವೆಂದು ಅಂಬೇಡ್ಕರರೂ ಪ್ರತಿಪಾದಿಸಿದ್ದರು. ಆದರೆ ಆ ಹೂಜಿಯ ಬಳಿ ಎದ್ದ ಪ್ರಶ್ನೆ ಜನಾಂಗದ್ದಲ್ಲ, ಹುಟ್ಟಿನದು. ಒಡಂಬಡಿಕೆಯ ಆ ಪದವೂ ಹುಟ್ಟನ್ನೇ ಕುರಿತುದು.